ಬಟ್ಟೆ ಒಣಗಿಸುವ ಕೋಣೆ

ಎಪ್ಪತ್ತು ದಾಟಿದ ಗಂಡಸೊಬ್ಬ ಆಟದ ರೈಲಿನ ಮುಂದೆ ಬಾಯಿ ಕಳೆದು ಕೂತದ್ದನ್ನು ಒಂದು ಸಲ ನೋಡಿದರೆ ನಗು ಬಂದೀತು. ಮದುವೆಯಾದಾಗಿನಿಂದ ಅದನ್ನೇ ನೋಡುತ್ತಿದ್ದರೆ ನಗು ಯಾವಾಗಲೋ ಬತ್ತಿಹೋಗುತ್ತದೆ. ಹಿಲ್ಡೆಗೆ ಈಗ ಉಳಿದದ್ದು ತಾತ್ಸಾರ ಒಂದೇ, ಅದನ್ನೂ ಅವಳೇನು ಬಚ್ಚಿಟ್ಟುಕೊಂಡವಳಲ್ಲ. ಊಟದ ಹೊತ್ತಿಗೆ ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ನಿಂತು, "ಸ್ಟೇಷನ್ ಮಾಸ್ಟರ್ ಸಾಹೇಬ್ರು ದಯಮಾಡಿಸ್ಬಹುದು, ಬೇಳೆ ಆರ್ತಾ ಇದೆ" ಎಂದು ಕೂಗುತ್ತಿದ್ದಳು. ಕೆಳಗಿನಿಂದ ಎರ್ವಿನ್ "ಐದು ನಿಮಿಷ" ಅನ್ನುತ್ತಿದ್ದ. ಆ ಐದು ನಿಮಿಷದಲ್ಲಿ ಅವರ ಊರು ಗೈಸ್ಲಿಂಗೆನ್‌ನಿಂದ ಪಕ್ಕದ ಪಟ್ಟಣ ಉಲ್ಮ್‌ಗೆ ನಿಜವಾದ ರೈಲೇ ಹೋಗಿ ತಲುಪುತ್ತಿತ್ತು.

ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತನಾದ ಎರ್ವಿನ್‌ಗೆ ಜಗತ್ತಿನಲ್ಲಿ ಸರಿಯಾಗಿ ಕೆಲಸ ಬಲ್ಲವನು ತಾನೊಬ್ಬನೇ ಎಂಬ ನಂಬಿಕೆಯಿತ್ತು. ಊರಿನ ಪಕ್ಕದಲ್ಲೇ ಬೆಟ್ಟ ಹತ್ತುವ ರೈಲುಹಾದಿ. ಉಗಿಬಂಡಿಗಳ ಕಾಲದಲ್ಲಿ ಆ ಏರಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಬಂದು ತಳ್ಳಬೇಕಿತ್ತು. ಅದೇ ಏರನ್ನು ಅವನು ಹಲಗೆ, ಪ್ಲಾಸ್ಟರು, ಹಸಿರು ಬಣ್ಣ ಹಾಕಿದ ಮರದ ಹೊಟ್ಟಿನಿಂದ ಮನೆಯ ಕೆಳಗೆ ಕಟ್ಟಿಕೊಂಡಿದ್ದ. ಕಟ್ಟಿದ ಕೋಣೆ ಬಟ್ಟೆ ಒಣಗಿಸುವುದಕ್ಕೆಂದು ಹಿಲ್ಡೆಯೇ ಹೇಳಿ ಮಾಡಿಸಿದ್ದು. ಮನೆ ಇಳಿಜಾರಿನಲ್ಲಿದ್ದುದರಿಂದ ಅದಕ್ಕೆ ತೋಟದ ಕಡೆಗೆ ದೊಡ್ಡ ಕಿಟಕಿಯಿತ್ತು, ಪಕ್ಕದಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಇತ್ತು. ಇಡೀ ಮನೆಯಲ್ಲಿ ಅಷ್ಟು ಬೆಚ್ಚಗಿನ, ಅಷ್ಟು ಒಣಗಿದ ಕೋಣೆ ಇನ್ನೊಂದಿರಲಿಲ್ಲ. "ಒಂದು ಚಳಿಗಾಲದ ಮಟ್ಟಿಗೆ" ಎಂದು ಎರ್ವಿನ್ ಅಲ್ಲಿ ಮೊದಲ ಹಲಗೆಯನ್ನು ಮರದ ಕಾಲುಗಳ ಮೇಲೆ ಹಾಸಿದ್ದ. ಮಗಳು ರೆಗೀನಾ ಆಗ ತೊಟ್ಟಿಲಲ್ಲಿದ್ದಳು.

ಆ ರೆಗೀನಾ ಈ ನವೆಂಬರಿನಲ್ಲಿ ಎರಡು ಸೂಟ್‌ಕೇಸು ಹಿಡಿದು, ಹದಿನಾರರ ಮಗಳು ಮೆರ್ಲೆಯನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಅವಳ ಗಂಡ ಯೋರ್ನ್ ಉಪ್ಪು ಜಾಸ್ತಿಯಾಯಿತೆಂದು ಸೂಪಿನ ತಟ್ಟೆಯನ್ನು ಗೋಡೆಗೆ ಎಸೆದಿದ್ದ. ಅದೇನು ಮೊದಲ ತಟ್ಟೆಯಲ್ಲ. ಈ ಸಲ ಗೋಡೆ ಒರೆಸಿದವಳು ಮೆರ್ಲೆ, ಅದನ್ನು ನೋಡಿ ರೆಗೀನಾ ಹೊರಟುಬಂದಿದ್ದಳು. ಹಿಲ್ಡೆ ಏನನ್ನೂ ಕೇಳದೆ ಆಲೂಗೆಡ್ಡೆ ಬೇಯಲಿಟ್ಟಳು. ಎರ್ವಿನ್ ಮೇಲೆ ಬಂದು, ಸೂಟ್‌ಕೇಸುಗಳನ್ನು ನೋಡಿ, ಎಷ್ಟು ದಿನ ಅಂತ ಕೇಳಿದ.

ರೆಗೀನಾ ಹೊಲಿಗೆ ಯಂತ್ರದ ಚಿಕ್ಕ ಕೋಣೆಯಲ್ಲಿ ಮಡಚುವ ಮಂಚದ ಮೇಲೆ ಮಲಗಿದಳು. ಅಲ್ಲಿ ಕಾಲು ಚಾಚಿದರೆ ಬಾಗಿಲು ಹಾಕಲಾಗುತ್ತಿರಲಿಲ್ಲ. ಮೆರ್ಲೆಗೆ ಹಾಲ್‌ನ ಸೋಫಾ. ಬೆಳಿಗ್ಗೆ ಎರ್ವಿನ್ ಪೇಪರ್ ಓದಲು ಅದೇ ಸೋಫಾಗೆ ಬರುತ್ತಿದ್ದ, ಮೊಮ್ಮಗಳು ಎದ್ದು ಜಾಗ ಬಿಡುವವರೆಗೆ ಗಂಟಲು ಸರಿಮಾಡಿಕೊಳ್ಳುತ್ತ ನಿಂತಿರುತ್ತಿದ್ದ. ಹುಡುಗಿ ಅಡುಗೆಮನೆಯ ಬೆಂಚಿನ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ಬರುವ ಅವಳಮ್ಮ ಫೋನ್ ಬಂದಾಗಲೆಲ್ಲ ಕೋಟು ಹಾಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಫೋನ್ ಯಾರದ್ದೆಂದು ಹಿಲ್ಡೆಗೆ ಗೊತ್ತಿತ್ತು. ಯೋರ್ನ್ ಈಗ ಬೆಣ್ಣೆಯಂತೆ ಮಾತಾಡುತ್ತಿದ್ದಾನೆ, ಇಲ್ಲಿ ಮಗಳಿಗೆ ಕಾಲು ಚಾಚಲು ಜಾಗವಿಲ್ಲ. ಹೀಗೇ ಬಿಟ್ಟರೆ ಕ್ರಿಸ್‌ಮಸ್ಸಿನೊಳಗೆ ಅವಳು ವಾಪಸು ಹೋಗುತ್ತಾಳೆ ಎಂಬುದು ಹಿಲ್ಡೆಗೆ ಬೆಳಕಿನಷ್ಟು ಸ್ಪಷ್ಟವಾಗಿತ್ತು.

ಭಾನುವಾರ ಬೇಳೆ, ಸ್ಪೆಟ್ಸ್ಲೆ ಎಂಬ ಹಿಟ್ಟಿನ ಶಾವಿಗೆ ಬಡಿಸಿ, ಎರ್ವಿನ್ ಎರಡನೇ ಸಾಸೇಜಿಗೆ ಕೈ ಹಾಕಿದಾಗ ಅವಳು ಮಾತು ತೆಗೆದಳು. ಕೆಳಗಿನ ಕೋಣೆ ಬೇಕು. ಹಲಗೆ ಬಿಚ್ಚು, ಮಕ್ಕಳಿಗೆ ಮಂಚ ಹಾಕಬೇಕು.

ಎರ್ವಿನ್ ಸಿಟ್ಟಾಗಲಿಲ್ಲ. ಬದಲಿಗೆ ಕಣ್ಣರಳಿಸಿ ಪಾಠ ಶುರುಮಾಡಿದ. ಈಗ ಒಂದೊಂದು ತುಂಡು ಹಳಿಗೂ ಬೇರೆ ಬೇರೆ ತಂತಿ, ಬೇರೆ ಬೇರೆ ಸ್ವಿಚ್ಚು. ಅದಕ್ಕೇ ಇಷ್ಟು ಜಾಗ. ಡಿಜಿಟಲ್ ಮಾಡಿದರೆ ಅದೊಂದೂ ಬೇಡ. ಎಂಜಿನ್ನಿನ ಹೊಟ್ಟೆಯೊಳಗೆ ಡಿಕೋಡರ್ ಅಂತ ಉಗುರಿನಷ್ಟು ಗಾತ್ರದ ವಸ್ತು ಕೂರಿಸಿದರಾಯಿತು, ತನಗೆ ಬಂದ ಅಪ್ಪಣೆ ಅದಕ್ಕೇ ಗೊತ್ತಾಗುತ್ತದೆ, ಒಂದೇ ಹಳಿಯ ಮೇಲೆ ನಾಲ್ಕು ಬಂಡಿ ಬೇಕಾದರೂ ಓಡುತ್ತವೆ. ಆಗ ಅರ್ಧ ಕೋಣೆ ಖಾಲಿ.

"ಅಡ್ವೆಂಟ್‌ಗೆ ಅರ್ಧ ಕೋಣೆ ನಿಮ್ದು. ನನ್ನ ಮಾತು" ಎಂದ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ಅಡ್ವೆಂಟ್, ಅದಕ್ಕಿನ್ನೂ ದಿನಗಳಿದ್ದವು.

"ಒಂದು ಎಂಜಿನ್ನಿನ ಹೊಟ್ಟೆ ಕುಯ್ಯೋಕೆ ಅಷ್ಟು ದಿನ ಬೇಕಾ ಅಜ್ಜ?" ಎಂದಳು ಮೆರ್ಲೆ. "ಮನುಷ್ಯರಿಗೆ ಆಪರೇಷನ್ ಮಾಡಿ ಮೂರು ದಿನಕ್ಕೆ ಮನೆಗೆ ಕಳಿಸ್ತಾರೆ."

"ಮನುಷ್ಯರ ಬಿಡಿಭಾಗ ಇಷ್ಟು ಚಿಕ್ಕದಿರಲ್ಲ" ಎಂದ ಎರ್ವಿನ್, ಪೂರ್ತಿ ಗಂಭೀರವಾಗಿ.

ಆರಿಸಿಕೊಂಡದ್ದು ಅವನ ಅತಿ ಹಳೆಯ ಎಂಜಿನ್ನು. ನೀರು, ಕಲ್ಲಿದ್ದಲು ಎರಡನ್ನೂ ತನ್ನ ಮೈಮೇಲೇ ಹೊರುವ, ಹಿಂದೆ ಬೇರೆ ಬಂಡಿಯಿಲ್ಲದ ಮೊಂಡು ಉಗಿಬಂಡಿ. ಏರಿನಲ್ಲಿ ತಳ್ಳುತ್ತಿದ್ದ ಎಂಜಿನ್ನಿನ ಪಡಿಯಚ್ಚು. ಅದಕ್ಕೆಂದು ತರಿಸಿದ ಡಿಕೋಡರಿನ ಜೊತೆ, ಕೂರಿಸುವ ಕ್ರಮ ಬರೆದ ಒಂದು ಕಾಗದವೂ ಇತ್ತು. ಕಾಗದ ಓದುವುದು ಕಲಿಯುವವರ ಕೆಲಸ ಎಂದು ಎರ್ವಿನ್ ಅದನ್ನು ಬಿಡಿಸದೆ ಮಡಿಸಿದ್ದ ಹಾಗೇ ಬೆಸುಗೆ ಕಡ್ಡಿಯ ಅಡಿಗೆ ಇಟ್ಟ. ವಾರವೆಲ್ಲ ಕೆಳಗಿನಿಂದ ಸುಟ್ಟ ಸೀಸದ ವಾಸನೆ ಬರುತ್ತಿತ್ತು. ಶುಕ್ರವಾರ ಹೊಸ ವಾಸನೆಯೊಂದು ಬಂತು, ಅದರ ಹಿಂದೆಯೇ ಎರ್ವಿನ್ ಮೇಲೆ ಬಂದ.

"ವಾಷಿಂಗ್ ಮಷೀನ್ ಹಾಕಿದ್ದು ಯಾರು?"

ಹಾಕಿದ್ದು ಹಿಲ್ಡೆ. ಮೆಷಿನ್ನು ರೈಲಿನ ಕೋಣೆಯ ಪಕ್ಕದ ಒಗೆಯುವ ಮನೆಯಲ್ಲಿತ್ತು. ಅದು ಶುರುವಾದ ಗಳಿಗೆಯಲ್ಲಿ ಕರೆಂಟು ಜಿಗಿದು ಡಿಕೋಡರ್ ಹೊಗೆಯಾಡಿತು ಎಂಬುದು ಎರ್ವಿನ್‌ನ ತೀರ್ಪು. ಇನ್ನು ಮೇಲೆ ಅವನು ಕೆಳಗಿರುವಾಗ ಮೆಷಿನ್ನು ಹಾಕಕೂಡದು. ಅವನು ಕೆಳಗಿಲ್ಲದಿರುವುದು ಯಾವಾಗ ಎಂದು ಹಿಲ್ಡೆ ಕೇಳಿದಳು. ಎರ್ವಿನ್ ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಮರುದಿನ ಅವನ ರೈಲು ಕ್ಲಬ್ಬಿನ ಗೆಳೆಯ ಓಟ್ಮಾರ್ ಬಂದು ಅಡುಗೆಮನೆಯಲ್ಲೇ ಎಂಜಿನ್ ಬಿಚ್ಚಿ ನೋಡಿದ. ಒಂದು ಕೈಯಲ್ಲಿ ಹಿಲ್ಡೆ ಮಾಡಿದ ಸೇಬಿನ ಕೇಕು, ಇನ್ನೊಂದರಲ್ಲಿ ಭೂತಗನ್ನಡಿ. ನೋಡಿದವನು ಎರ್ವಿನ್‌ನ ಮುಖವನ್ನು ಮರುಕದಿಂದ ನೋಡಿದ. ಹಳೆಯ ಎಂಜಿನ್ನುಗಳಲ್ಲಿ ಮೋಟರಿನ ಒಂದು ಕೊನೆ ಎಂಜಿನ್ನಿನ ಲೋಹದ ಮೈಗೇ ತಾಗಿಕೊಂಡಿರುತ್ತದೆ, ಮೈಯೋ ಹಳಿಯ ಕರೆಂಟಿಗೆ ತಾಗಿರುತ್ತದೆ. ಮೊದಲು ಅದನ್ನು ಬಿಡಿಸಿ, ನಡುವೆ ಪ್ಲಾಸ್ಟಿಕ್ಕಿನ ತಡೆ ಕೊಟ್ಟು, ಆಮೇಲೆ ಡಿಕೋಡರ್ ಕಟ್ಟಬೇಕು. ಇಲ್ಲವಾದರೆ ಹಳಿಯ ಕರೆಂಟು ನೇರ ಡಿಕೋಡರಿಗೆ ನುಗ್ಗಿ ಸುಡುತ್ತದೆ. ಇದನ್ನು ಕ್ಲಬ್ಬಿಗೆ ಬರುವ ಶಾಲೆಯ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತೇವಲ್ಲ ಎಂದು ಓಟ್ಮಾರ್ ಕೇಕಿನ ಪುಡಿ ಒರೆಸಿಕೊಂಡ.

"ಅಂದ್ರೆ ನನ್ನ ಮಷೀನ್ ಏನೂ ಮಾಡಿಲ್ಲ" ಎಂದಳು ಹಿಲ್ಡೆ.

"ಮಷೀನ್ ಪಾಪ ಏನು ಮಾಡುತ್ತೆ" ಎಂದ ಓಟ್ಮಾರ್.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಲ್ಡೆ ಓಟ್ಮಾರ್‌ಗೆ ಇನ್ನೊಂದು ದೊಡ್ಡ ತುಂಡು ಕೇಕು ಹಾಕಿದಳು, ಗಂಡನ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಎರ್ವಿನ್ ಬಗ್ಗುವ ಜೀವವೇ? ಒಮ್ಮೆ ಹೇಳಿದ ಮೇಲೆ ಹೇಳಿದ್ದೇ, ಮೆಷಿನ್ನು ಹಾಕಬೇಡಿ ಅಂದರೆ ಹಾಕಬೇಡಿ. ಹಾಗಾಗಿ ಹಿಲ್ಡೆ ನಾಲ್ಕು ಜನರ ಬಟ್ಟೆಯನ್ನು ಸ್ನಾನದ ತೊಟ್ಟಿಯಲ್ಲಿ ಕುಕ್ಕಿ ಹಿಂಡಿ ಅಡುಗೆಮನೆಯ ಕುರ್ಚಿಗಳ ಬೆನ್ನಿಗೆ ಹರವುವ ಹಾಗಾಯಿತು. ಮೆರ್ಲೆಯ ಜೀನ್ಸು ಎರಡು ದಿನವಾದರೂ ಒಣಗದೆ, ಅವಳು ಹಸಿಯದ್ದನ್ನೇ ಹಾಕಿಕೊಂಡು ಶಾಲೆಗೆ ಹೋದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಎರಡನೇ ಡಿಕೋಡರ್ ಬಂತು. ಇದು ಸದ್ದು ಮಾಡುವ ಜಾತಿಯದು. ಉಗಿಯ ಚುಕುಬುಕು, ಶಿಳ್ಳೆ, ಕಲ್ಲಿದ್ದಲು ಎಳೆದು ಒಲೆಗೆ ಹಾಕುವ ಗರಗರ, ಎಲ್ಲ ಅದರೊಳಗಿತ್ತು. ಸದ್ದು ಹೊರಗೆ ಬರಲು ಒಂದು ಪುಟ್ಟ ಸ್ಪೀಕರ್. ಈ ಸಲ ಎರ್ವಿನ್ ಮೋಟರನ್ನು ಮೈಯಿಂದ ಬಿಡಿಸಿದ, ಬಿಡಿಸಿದ್ದನ್ನು ತಾನೇ ಕಂಡುಹಿಡಿದವನಂತೆ ಊಟದಲ್ಲಿ ಎಲ್ಲರಿಗೂ ವಿವರಿಸಿದ. ಆದರೆ ಡಿಕೋಡರೂ ಸ್ಪೀಕರೂ ಕೂರುವಷ್ಟು ಜಾಗ ಎಂಜಿನ್ನಿನ ಬಾಯ್ಲರ್ ಕೊಳವೆಯಲ್ಲಿರಲಿಲ್ಲ, ಅಲ್ಲಿ ಸೀಸದ ಗಟ್ಟಿಯೊಂದು ತುಂಬಿಕೊಂಡಿತ್ತು. ಅದನ್ನು ಅವನು ಹೊರತೆಗೆದು ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ, ಅರ್ಧಕ್ಕಿಂತ ಕಮ್ಮಿ ಮಾಡಿದ. ಸೀಸದ ಪುಡಿಯನ್ನು ಗುಡಿಸಿದವಳು ಹಿಲ್ಡೆ.

ಗುಡಿಸುವಾಗ ರೆಗೀನಾ ಅಳತೆಪಟ್ಟಿ ಹಿಡಿದು ಕೆಳಗೆ ಬಂದಳು. ಕಿಟಕಿಯ ಪಕ್ಕ ಎರಡು ಮಂಚ ಹಿಡಿಯುತ್ತವೆಯೇ ಎಂದು ಅಳೆದು, ಮೊಣಕಾಲೂರಿ ಹಲಗೆಯ ಅಡಿಗೆ ಇಣುಕಿ ನೋಡಿದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಕೊಂಚ ಜೀವ ಬಂದಿತ್ತು. ಎರ್ವಿನ್ ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದ.

"ಹಲಗೆ ಅಲ್ಲಾಡಿಸ್ಬೇಡ. ನಿನ್ನ ಗಂಡನ ಮನೇಲಿ ನಾಲ್ಕು ಕೋಣೆ ಇದೆಯಲ್ಲ, ಅಲ್ಲಿ ಅಳತೆ ತಗೋಬಾರ್ದಾ?"

ರೆಗೀನಾ ಅಳತೆಪಟ್ಟಿ ಸುತ್ತಿ ಜೇಬಿಗಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಹಿಲ್ಡೆ ಪೊರಕೆ ಹಿಡಿದು ನಿಂತೇ ಇದ್ದಳು. ಅದನ್ನು ಅವನ ತಲೆಯ ಮೇಲೆ ಮುರಿಯುವ ಆಸೆ ಅವಳಿಗೆ ನಿಜವಾಗಿ ಆಯಿತು.

"ಅವಳು ಅಲ್ಲಿಗೆ ವಾಪಸ್ ಹೋದ್ರೆ, ನಿನ್ನ ಬೇಳೆ ನೀನೇ ಬೇಯಿಸ್ಕೋ" ಎಂದಳು.

"ಅಡ್ವೆಂಟ್‌ಗೆ ಅಂತ ಹೇಳಿದೀನಲ್ಲ" ಎಂದ ಎರ್ವಿನ್, ಅರವನ್ನು ಕೆಳಗಿಡದೆ.

ಎರಡನೇ ಅಡ್ವೆಂಟ್ ಭಾನುವಾರ ಕ್ಲಬ್ಬಿನ ಗಂಡಸರು ಬಂದರು. ಪ್ರತಿ ವರ್ಷವೂ ಆ ದಿನ ಒಬ್ಬೊಬ್ಬರ ಮನೆಯ ನೆಲಮಾಳಿಗೆಗೆ ಹೋಗಿ ರೈಲು ನೋಡುವುದು ಅವರ ಪದ್ಧತಿ. ತಲೆ ನರೆತ ಆರೇಳು ಜನ, ಒಬ್ಬೊಬ್ಬರ ಮೈಮೇಲೂ ಕ್ಲಬ್ಬಿನ ಗುರುತು ಹೊಲಿದ ನೀಲಿ ಜಾಕೀಟು. ಹಿಲ್ಡೆ ಮೂರು ಸಂಜೆ ಕೂತು ಲಟ್ಟಿಸಿ, ಕತ್ತರಿಸಿ, ಬೇಯಿಸಿದ ಬಿಸ್ಕತ್ತುಗಳನ್ನು ಅವರು ಮಾತಿನ ಮಧ್ಯೆ ಮುಷ್ಟಿ ಮುಷ್ಟಿ ಬಾಯಿಗೆಸೆದುಕೊಂಡರು. ಹಿಲ್ಡೆ, ರೆಗೀನಾ, ಮೆರ್ಲೆ ಮೂವರೂ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಈ ಪ್ರದರ್ಶನ ಮುಗಿದರೆ ನಾಳೆಯಿಂದ ಹಲಗೆ ಬಿಚ್ಚುವ ಕೆಲಸ ಎಂದು ಹಿಲ್ಡೆ ಲೆಕ್ಕ ಹಾಕಿಕೊಂಡಿದ್ದಳು.

ಎರ್ವಿನ್ ಗುಂಡಿ ಒತ್ತಿದ. ಎಂಜಿನ್ನು ಮೊದಲು ಕಲ್ಲಿದ್ದಲು ತಿಂದಿತು, ಆಮೇಲೆ ಶಿಳ್ಳೆ ಹಾಕಿತು, ಆಮೇಲೆ ಬುಸುಗುಟ್ಟುತ್ತ ಮೂರು ಬೋಗಿ ಎಳೆದುಕೊಂಡು ಹೊರಟಿತು. ನೀಲಿ ಜಾಕೀಟುಗಳು ತಲೆದೂಗಿದವು. ಏರು ಶುರುವಾದ ಕಡೆ ಸದ್ದು ಇನ್ನೂ ಜೋರಾಯಿತು, ಬಂಡಿ ನಿಂತಿತು. ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು. ಎರ್ವಿನ್ ವೇಗ ಹೆಚ್ಚಿಸಿದ. ಬುಸುಬುಸು ಮನೆಯ ಗಾಜು ನಡುಗುವಷ್ಟಾಯಿತು, ಎಂಜಿನ್ನು ಒಂದು ಕೂದಲೆಳೆ ಮುಂದೆ ಹೋಗಲಿಲ್ಲ. ಕೊನೆಗೆ ಬೋಗಿಗಳ ಭಾರಕ್ಕೆ ಹಿಂದಕ್ಕೇ ಜಾರಿತು.

"ಅಜ್ಜನ ಥರಾನೇ" ಎಂದಳು ಮೆರ್ಲೆ, ಎಲ್ಲರಿಗೂ ಕೇಳುವ ಹಾಗೆ. "ಸದ್ದು ಮಾತ್ರ."

ತೂಕ ತೆಗೆದರೆ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು ಎಂದು ಓಟ್ಮಾರ್ ಕೇಳಿದ. ಸ್ಪೀಕರ್ ಕಿತ್ತುಹಾಕಿ ಸೀಸ ವಾಪಸು ತುಂಬು, ಒಂದು ಮಧ್ಯಾಹ್ನದ ಕೆಲಸ ಎಂದ. ಎರ್ವಿನ್ ಕೆಂಪಾಗಿದ್ದ. ಮೂಕ ಎಂಜಿನ್ನನ್ನು ತಾನು ಓಡಿಸುವವನಲ್ಲ ಎಂದ. ತಪ್ಪು ಎಂಜಿನ್ನಿನದಲ್ಲ, ಏರಿನದು. ಏರು ಕಡಿದಾಯಿತು. ಅದನ್ನು ಉದ್ದ ಮಾಡಿ ನಿಧಾನಕ್ಕೆ ಹತ್ತಿಸಿದರೆ ಸರಿಹೋಗುತ್ತದೆ.

"ಆ ಗೋಡೆವರೆಗೆ ತಗೊಂಡು ಹೋಗ್ತೀನಿ, ಕಿಟಕಿ ಕೆಳಗಿಂದ" ಎಂದು ಕೈ ಚಾಚಿ ತೋರಿಸಿದ. ಕೋಣೆಯಲ್ಲಿ ಇನ್ನೂ ಖಾಲಿ ಉಳಿದಿದ್ದದ್ದು ಅದೊಂದೇ ಜಾಗ.

ನೀಲಿ ಜಾಕೀಟುಗಳಲ್ಲಿ ಒಬ್ಬ ಹಲಗೆ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಹೇಳತೊಡಗಿದ. ರೆಗೀನಾ ಕಾಫಿಯ ಜಗ್ಗನ್ನು ಸುರಂಗದ ಬಾಯಿಯ ಮೇಲೆ ಇಟ್ಟು ಮೇಲೆ ಹೋದಳು.

ಹಿಲ್ಡೆ ಹಿಂದೆಯೇ ಹೋದಾಗ ಅವಳು ಹೊಲಿಗೆ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಯೋರ್ನ್‌ಗೆ ಆಗಲೇ ಫೋನ್ ಮಾಡಿಯಾಗಿತ್ತು, ನಾಳೆ ಸಂಜೆ ಬರುತ್ತಾನೆ. ಮೆರ್ಲೆ ತಾನು ಸತ್ತರೂ ಬರುವುದಿಲ್ಲವೆಂದು ಹೇಳಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡಿದ್ದಳು.

"ಮತ್ತೆ ತಟ್ಟೆ ಎಸೆದ್ರೆ?" ಎಂದಳು ಹಿಲ್ಡೆ.

"ಎತ್ತಿಡ್ತೀನಿ. ಅಲ್ಲಿ ನಂಗೆ ಒಂದು ಹಾಸಿಗೆಯಾದ್ರೂ ಇದೆ ಅಮ್ಮ. ಇಲ್ಲಿ ಗೊಂಬೆ ರೈಲಿಗಿರೋ ಜಾಗ ನಂಗಿಲ್ಲ."

ಹಿಲ್ಡೆಗೆ ನಾಚಿಕೆಯಾಯಿತು. ಗಂಡನನ್ನು ಇಷ್ಟು ವರ್ಷ ಹಂಗಿಸಿದ್ದೇ ಬಂತು, ಹಂಗಿಸುತ್ತ ಹಂಗಿಸುತ್ತ ಒಂದೊಂದೇ ಹಲಗೆಗೂ ಜಾಗ ಬಿಟ್ಟುಕೊಟ್ಟವಳು ತಾನೇ. ಎಮ್ಮೆಯ ಮೇಲೆ ಮಳೆ ಸುರಿದಂತೆ ಅವನ ಮೇಲೆ ಮಾತು ಸುರಿಸಿದ್ದಳು, ಅಷ್ಟೇ.

ಸೋಮವಾರ ಬೆಳಿಗ್ಗೆ ರೆಗೀನಾ ಕೆಲಸಕ್ಕೆ ಹೋದಳು. ಎರ್ವಿನ್ ಏರಿನ ನಕ್ಷೆ ಹಿಡಿದುಕೊಂಡು ಓಟ್ಮಾರ್‌ನ ಮನೆಗೆ ಹೋದ. ಹಿಲ್ಡೆ ಮಲಗುವ ಕೋಣೆಗೆ ಹೋಗಿ ಜೋಡಿ ಮಂಚದ ಮುಂದೆ ನಿಂತಳು. ಒಂದೇ ಚೌಕಟ್ಟಿನಲ್ಲಿ ಇಬ್ಬರಿಗೂ ಬೇರೆ ಬೇರೆ ಹಾಸಿಗೆ, ಬೇರೆ ಬೇರೆ ಹೊದಿಕೆ, ನಡುವೆ ಒಂದು ಬಿರುಕು. ಅವನದನ್ನು ಎತ್ತಲು ಏನನ್ನೂ ಬಿಚ್ಚಬೇಕಾಗಿರಲಿಲ್ಲ. ಮಧ್ಯಾಹ್ನ ಶಾಲೆಯಿಂದ ಬಂದ ಮೆರ್ಲೆಯ ಕೈ ಕೂಡಿಸಿ, ಹಾಸಿಗೆಯನ್ನು ಮೆಟ್ಟಿಲ ಮೇಲೆ ಜಾರಿಸಿ ಕೆಳಗೆ ತಂದು, ರೈಲಿನ ಹಲಗೆಯ ಅಡಿಯಲ್ಲಿ ಹಾಸಿದಳು. ದಿಂಬು ಹೊಡೆದು ಉಬ್ಬಿಸಿ ಇಟ್ಟಳು. ಜೋಡಿ ಮಂಚದಲ್ಲಿ ಖಾಲಿಯಾದ ಅರ್ಧಕ್ಕೆ ರೆಗೀನಾಳ ಮಡಚುವ ಮಂಚದ ಹಾಸಿಗೆ ತಂದು ಹಾಕಿದಳು. ಆಮೇಲೆ ರೆಗೀನಾಳ ಎರಡು ಸೂಟ್‌ಕೇಸುಗಳನ್ನೂ ತಂದು ತೆರೆದು, ಮಡಚಿದ ಒಂದೊಂದನ್ನೂ ವಾಷಿಂಗ್ ಮೆಷಿನ್ನಿಗೆ ತುಂಬಿ ಗುಂಡಿ ತಿರುಗಿಸಿದಳು.

"ಅಜ್ಜಿ, ಅದೆಲ್ಲ ಒಗೆದಿರೋ ಬಟ್ಟೆ" ಎಂದಳು ಮೆರ್ಲೆ.

"ಗೊತ್ತು" ಎಂದಳು ಹಿಲ್ಡೆ.

ಎರ್ವಿನ್ ಬಂದಾಗ ಅವಳು ಸೆರಗು ಕಟ್ಟಿದ ಹಾಗೆ ಏಪ್ರನ್ನು ಬಿಗಿದುಕೊಂಡು ಜಗಳಕ್ಕೆ ಸಿದ್ಧಳಾಗಿ ನಿಂತಿದ್ದಳು. ಅವನು ಹಾಸಿಗೆಯನ್ನು ನೋಡಿದ. ಬಗ್ಗಿ ಒಳಗೆ ತೂರಿ, ಮಲಗಿ, ತಲೆಯ ಮೇಲಿನ ತಂತಿಗಳನ್ನು ಕೆಳಗಿನಿಂದ ನೋಡುತ್ತ ಸ್ವಲ್ಪ ಹೊತ್ತು ಇದ್ದ.

"ತಲೆ ಆ ಕಡೆ ಹಾಕ್ಬೇಕಿತ್ತು. ಸ್ವಿಚ್ ಅಲ್ಲಿದೆ" ಎಂದ. ಆಮೇಲೆ ಕಿವಿ ನಿಮಿರಿಸಿ, "ಮಷೀನ್ ಹಾಕಿದೀಯಾ?"

ಕಾದಿಟ್ಟ ಜಗಳವೆಲ್ಲ ಹಿಲ್ಡೆಯ ಬಾಯಲ್ಲೇ ತಣ್ಣಗಾಯಿತು. ಹೊರದೂಡಿದರೂ ಹೊರದೂಡಿದ್ದು ಗೊತ್ತಾಗದ ಗಂಡಸಿನ ಜೊತೆ ಜಗಳವಾಡುವುದಾದರೂ ಏನನ್ನು? ದಿಂಬನ್ನು ಅವನೇ ಆ ಕಡೆಗೆ ತಿರುಗಿಸಿಕೊಂಡ.

ಸಂಜೆ ರೆಗೀನಾ ಬಂದು ಕೋಟು ಬಿಚ್ಚುವುದರೊಳಗೆ ಯೋರ್ನ್‌ನ ಕಾರು ಬಂತು. ಅವನು ಹೂವಿನ ಗೊಂಚಲು ಹಿಡಿದು ಒಳಗೆ ಬಂದು, ಶೂ ಬಿಚ್ಚದೆ ನಿಂತು, ಸಾಮಾನು ಎಲ್ಲಿ ಎಂದು ಕೇಳಿದ. ಹೆಂಡತಿ ಹೇಗಿದ್ದಾಳೆ ಎಂದು ಕೇಳಲಿಲ್ಲ.

"ಒಗೆಯೋಕೆ ಹಾಕಿದೀನಿ" ಎಂದಳು ಹಿಲ್ಡೆ. "ಅವಳಿಗೆ ಇಲ್ಲಿ ಹಾಸಿಗೆ ಇದೆ, ನನ್ನ ಪಕ್ಕದಲ್ಲಿ."

ಯೋರ್ನ್ ಹೂವನ್ನು ಹಿಸುಕಿ ಹಿಡಿದ. ಅಷ್ಟರಲ್ಲಿ ಎರ್ವಿನ್ ಕೆಳಗಿನಿಂದ ಬಂದ. ರೆಗೀನಾ ಅಪ್ಪನ ಮುಖವನ್ನೇ ನೋಡಿದಳು. ಒಂದು ಮಾತು ಆಡಿಯಾನು, ಒಂದೇ ಒಂದು ಮಾತು ಎಂದು ಅವಳು ಕಾದದ್ದು ಹಿಲ್ಡೆಗೆ ಕಾಣಿಸಿತು.

"ಯೋರ್ನ್, ಬಂದ್ಯಾ, ಒಳ್ಳೇದಾಯ್ತು" ಎಂದ ಎರ್ವಿನ್. "ನಿನ್ನ ಗಾಡಿ ಹಿಂಬಾಗಿಲು ದೊಡ್ಡದಲ್ವಾ? ಉದ್ದದ ಹಲಗೆ ತರ್ಬೇಕು. ಅಂಗಡಿ ಮುಚ್ಚೋದ್ರೊಳಗೆ ಹೋಗ್ಬಂದ್ಬಿಡೋಣ."

ಹೆಂಗಸರ ಎದುರು ನಿಲ್ಲುವುದಕ್ಕಿಂತ ಹಲಗೆ ಹೊರುವುದು ಸುಲಭವಾಗಿ ಕಂಡಿರಬೇಕು. ಯೋರ್ನ್ ಹೂವನ್ನು ಶೂ ಇಡುವ ಕಪಾಟಿನ ಮೇಲಿಟ್ಟು ಮಾವನ ಹಿಂದೆ ಹೋದ. ಇಬ್ಬರೂ ಏರಿನ ಅಳತೆ ಮಾತಾಡುತ್ತ ಕಾರು ಹತ್ತಿದರು. ಒಬ್ಬನಿಗೆ ಮಗಳ ನೆನಪಿಲ್ಲ, ಇನ್ನೊಬ್ಬನಿಗೆ ಹೆಂಡತಿಯ ನೆನಪಿಲ್ಲ.

ರೆಗೀನಾ ಕಿಟಕಿಯಿಂದ ಅದನ್ನು ನೋಡುತ್ತ ನಿಂತಳು. ಮೊದಲು ಅವಳ ಭುಜ ಅಲುಗಿತು, ಅಳುತ್ತಿದ್ದಾಳೆಂದು ಹಿಲ್ಡೆ ಹತ್ತಿರ ಹೋದರೆ ನಗುತ್ತಿದ್ದಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಹಲಗೆ ತರೋಕೆ ಹೋದ್ರು" ಎಂದಳು. "ಇವರಿಗೆ ಹೆದರ್ಕೊಂಡು ಬದುಕ್ತಿದ್ದೆನಲ್ಲಮ್ಮ ನಾನು."

ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಅವಳೇ ಮುಂದಾಗಿ ಕೆಳಗಿಳಿದಳು. ಒದ್ದೆ ಬಟ್ಟೆ ಎರಡು ಬುಟ್ಟಿ ತುಂಬಿತ್ತು. ಬಟ್ಟೆ ಒಣಗಿಸುವ ಕೋಣೆಯ ಗೋಡೆಯಲ್ಲಿ ಹಳೆಯ ಕೊಕ್ಕೆಗಳು ಇದ್ದಲ್ಲೇ ಇದ್ದವು, ಎರ್ವಿನ್ ಅವಕ್ಕೆ ಬೆಟ್ಟ, ಮೋಡದ ಚಿತ್ರ ತೂಗುಹಾಕಿದ್ದ. ಹಿಲ್ಡೆ ಮೋಡ ತೆಗೆದು ಮೂಲೆಗಿಟ್ಟಳು. ಮೆರ್ಲೆ ಕೊಕ್ಕೆಯಿಂದ ಕೊಕ್ಕೆಗೆ ಹಗ್ಗ ಬಿಗಿದಳು. ಸ್ಟೇಷನ್ನಿನ ಮೇಲೆ ಮೆರ್ಲೆಯ ಜೀನ್ಸು ತೂಗಿತು, ಸುರಂಗದ ಮೇಲೆ ರೆಗೀನಾಳ ಬಿಳಿ ಅಂಗಿಗಳು ಸಾಲಾಗಿ ಬಂದವು. ನೀರು ತೊಟ್ಟಿಕ್ಕುತ್ತಿತ್ತು, ಹಸಿರು ಹೊಟ್ಟಿನ ಬೆಟ್ಟ ಅಲ್ಲಲ್ಲಿ ಕಪ್ಪಾಯಿತು.

ಹಲಗೆ ಹೊತ್ತು ಬಂದ ಗಂಡಸರು ಬಾಗಿಲಲ್ಲೇ ನಿಂತರು. ಒಳಗೆ ಹಲಗೆ ತರಲು ದಾರಿಯಿರಲಿಲ್ಲ.

"ಏನಿದು?" ಎಂದ ಎರ್ವಿನ್. "ಹಳಿ ತುಕ್ಕು ಹಿಡಿಯುತ್ತೆ. ತೆಗೀರಿ ಇದನ್ನ."

ಯಾರೂ ತೆಗೆಯಲಿಲ್ಲ. ಹಲಗೆಯ ಇನ್ನೊಂದು ಕೊನೆ ಹೊತ್ತಿದ್ದ ಯೋರ್ನ್ ಹಗ್ಗಗಳನ್ನು, ಬುಟ್ಟಿಯನ್ನು, ಬಾಯಿ ತೆರೆದ ಖಾಲಿ ಸೂಟ್‌ಕೇಸುಗಳನ್ನು ನೋಡಿದ.

"ಇದೆಲ್ಲ ಒಣಗೋಕೆ ಎಷ್ಟು ಹೊತ್ತು ಬೇಕು?" ಎಂದು ಅತ್ತೆಯನ್ನು ಕೇಳಿದ.

ಹಿಲ್ಡೆ ಬಾಯಿ ತೆರೆದಳು, ಆದರೆ ಉತ್ತರ ಅವಳ ಪಕ್ಕದಿಂದ ಬಂತು.

"ಬೆಳಿಗ್ಗೆ ಹೊತ್ತಿಗೆ ಒಣಗುತ್ತೆ" ಎಂದಳು ರೆಗೀನಾ, ಒದ್ದೆ ಟವೆಲ್ಲೊಂದನ್ನು ಕೊಡವಿ ಏರಿನ ಮೇಲೆ ಹರವುತ್ತ. "ನಾಳೆ ಮತ್ತೆ ಒಗೀತೀನಿ."